ಫ್ರಂಟ್ ಸೈಟ್ ಮಸುಕು, ಗುರಿ ಸ್ಪಷ್ಟ: 58ರ ಕಣ್ಣಿಗೆ ಯಾವ ಸೈಟ್ ಹಾಕಿಸಲಿ?

ಹಳೇಭುಜ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೀಗ 58. ಮೂವತ್ತು ವರ್ಷದಿಂದ ಪಾಯಿಂಟ್ ಟೂ ಟೂ ರೈಫಲ್‌ನಲ್ಲಿ ಕಾಗದದ ಗುರಿಗೆ ಹೊಡೆಯುತ್ತಿದ್ದೇನೆ. 50 ಮೀಟರ್, ಮಲಗಿ. ರೈಫಲ್ ಮೇಲಿರುವುದು ಅದರ ಜೊತೆಗೇ ಬಂದ ಓಪನ್ ಸೈಟ್, ಅಂದರೆ ಗಾಜಿಲ್ಲದ, ಗುರಿ ಹಿಡಿಯುವ ಸಾಧನ. ಹಿಂದೆ ನಳಿಗೆಯ ಮೇಲೆ ಒಂದು ಕಚ್ಚು, ಮುಂದೆ ಒಂದು ಚೌಕದ ಪೋಸ್ಟ್ (ಸಣ್ಣ ಕಂಬ), ಅದೇ ಫ್ರಂಟ್ ಸೈಟ್. ಇಷ್ಟು ವರ್ಷ ಅದರ ಬಗ್ಗೆ ಯೋಚನೆ ಮಾಡಿದ್ದೇ ಇಲ್ಲ. ಚಾಳೀಸು ಬಂದದ್ದು 44ಕ್ಕೆ. ಆಗ ಓದುವುದಕ್ಕೆ ಮಾತ್ರ ತೊಂದರೆ ಇತ್ತು, ಹೊಡೆಯುವುದಕ್ಕೆ ಇರಲಿಲ್ಲ.

ಈಗ ಎರಡು ವರ್ಷದಿಂದ ಪೋಸ್ಟ್ ಕೈಕೊಡುತ್ತಿದೆ. ಕಪ್ಪು ಗುರಿ ಚೆನ್ನಾಗಿಯೇ ಕಾಣುತ್ತದೆ. ಅದರ ಕೆಳಗೆ ಕೂರಬೇಕಾದ ಪೋಸ್ಟ್ ಮಾತ್ರ ಒದ್ದೆ ಕಾಗದದ ಮೇಲೆ ಶಾಯಿ ಹರಡಿದ ಹಾಗೆ. ಅದರ ತಲೆ ಎಲ್ಲಿ ಮುಗಿಯಿತು, ಬಿಳಿ ಎಲ್ಲಿ ಶುರುವಾಯಿತು ಅಂತ ಹೇಳಲು ಆಗುವುದಿಲ್ಲ. ಕೆಲವು ಸಲ ಪಕ್ಕದಲ್ಲಿ ಇನ್ನೊಂದು ಬೂದುಬಣ್ಣದ ಪೋಸ್ಟ್ ನಿಂತ ಹಾಗೂ ಕಾಣುತ್ತದೆ. ಮೊನ್ನೆ ಹತ್ತು ಗುಂಡು ಹೊಡೆದು ಹಾಳೆ ತಂದು ನೋಡಿದೆ. ಅಡ್ಡಕ್ಕೆ ಎಲ್ಲವೂ ಎರಡು ಬೆರಳಿನ ಅಗಲದೊಳಗೆ ಇವೆ, ಉದ್ದಕ್ಕೆ ಮಾತ್ರ ಅದರ ಮೂರು ಪಟ್ಟು ಚೆಲ್ಲಿವೆ. ಉಸಿರು ಹಿಡಿಯುವುದು ಸರಿಯಿಲ್ಲ ಅಂತ ಗೆಳೆಯನ ತೀರ್ಪು. ನನಗೆ ಅನುಮಾನ ಕಣ್ಣಿನ ಮೇಲೆ.

ಕನ್ನಡಕದ್ದು ಇನ್ನೊಂದು ಗೋಳು. ನನ್ನದು ಪ್ರೊಗ್ರೆಸಿವ್, ಮೇಲೆ ದೂರದ ಪವರ್, ಕೆಳಗೆ ಹೋದಂತೆ ಓದುವ ಪವರ್. ಮಲಗಿ ತಲೆ ಮುಂದಕ್ಕೆ ಬಗ್ಗಿಸಿದರೆ ಲೆನ್ಸಿನ ಮೇಲಿನ ಅಂಚಿನಿಂದ ನೋಡುವ ಹಾಗಾಗುತ್ತದೆ, ಅಲ್ಲಿರುವುದು ದೂರದ ಪವರ್, ಹಾಗಾಗಿ ಪೋಸ್ಟ್ ಮಸುಕು. ಗದ್ದ ಎತ್ತಿ ಎತ್ತಿ ಪೋಸ್ಟ್ ಸ್ಪಷ್ಟವಾಗುವ ಜಾಗ ಸಿಗುವ ಹೊತ್ತಿಗೆ ಕೆನ್ನೆ ಸ್ಟಾಕ್ (ರೈಫಲ್ಲಿನ ಹಿಂದಿನ ಹಿಡಿ) ಬಿಟ್ಟು ಎದ್ದಿರುತ್ತದೆ. ಒಂದು ದಿನ ತಲೆಕೆಟ್ಟು, ದೂರದ ನಂಬರಿನ ಮೇಲೆ +2 ಇರುವ ಓದುವ ಕನ್ನಡಕವನ್ನೇ ಹಾಕಿ ನೋಡಿದೆ. ಹಿಂದಿನ ಕಚ್ಚು ಬ್ಲೇಡಿನಲ್ಲಿ ಕುಯ್ದ ಹಾಗೆ ಚೂಪಾಗಿ ಕಂಡಿತು, ಪೋಸ್ಟ್ ಪರವಾಗಿಲ್ಲ, ಗುರಿ ಮಾತ್ರ ಮೋಡದೊಳಗೆ ಹೋಯಿತು.

ಒಬ್ಬರು ದುರ್ಬೀನಿನ ಹಾಗಿರುವ ಸ್ಕೋಪ್ ಹಾಕು ಅಂತಾರೆ, ಒಬ್ಬರು ಕೆಂಪು ಚುಕ್ಕೆ ತೋರಿಸುವ ರೆಡ್ ಡಾಟ್, ಇನ್ನೊಬ್ಬರು ಸಣ್ಣ ತೂತಿನ ಪೀಪ್. ನನಗೆ ಕಬ್ಬಿಣದ ಸೈಟ್ ಬಿಡಲು ಮನಸ್ಸಿಲ್ಲ, ಹಾಗಂತ ಹಟವೂ ಇಲ್ಲ. ಸಂಜೆ ಹೊತ್ತು ಇನ್ನೂ ಕಷ್ಟವಾಗುತ್ತದೆ, ಯಾಕೆ ಅಂತ ಗೊತ್ತಿಲ್ಲ. ಈ ದಾರಿ ದಾಟಿ ಬಂದವರು ಏನು ಮಾಡಿದಿರಿ ಹೇಳಿ.

ನಾಲ್ಕರಸ್ಕೋಪ್:

ಸುಮ್ನೆ ಸ್ಕೋಪ್ ಹಾಕಿಸಿ ಸರ್, ಮುಗೀತು.

ನನಗೆ 63. ಐದು ವರ್ಷ ನಿಮ್ಮ ಹಾಗೇ ಒದ್ದಾಡಿ ಕೊನೆಗೆ 4 ಪಟ್ಟಿನ ಒಂದು ಸಣ್ಣ ಸ್ಕೋಪ್ ಕೂರಿಸಿದೆ. ಓಪನ್ ಸೈಟಿನಲ್ಲಿ ಕಣ್ಣು ಮೂರು ಮನೆ ಕಾಯಬೇಕು: ಕಚ್ಚು, ಪೋಸ್ಟ್, ಗುರಿ. ಸ್ಕೋಪಿನಲ್ಲಿ ಕ್ರಾಸ್‌ಹೇರೂ (ಒಳಗೆ ಕಾಣುವ ಕೂಡುಗೆರೆ) ಗುರಿಯೂ ಒಂದೇ ಹಾಳೆಯ ಮೇಲೆ ಬರೆದ ಹಾಗೆ ಕಾಣುತ್ತವೆ. ವಯಸ್ಸಾದ ಕಣ್ಣಿಗೆ ಬೇಕಾದದ್ದೇ ಅದು. ದೊಡ್ಡದಾಗಿ ಕಾಣುವುದು ಆಮೇಲಿನ ಮಾತು.

ಆದರೆ ಹಾಕಿಸಿದ ಮೇಲೆ ಐಪೀಸ್ ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಿ. ಕಣ್ಣಿನ ಹತ್ತಿರದ ಆ ಉಂಗುರ ತಿರುಗುತ್ತದೆ ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ, ಅಂಗಡಿಯಿಂದ ಬಂದ ಹಾಗೇ ಇಟ್ಟುಕೊಂಡು ಕ್ರಾಸ್‌ಹೇರ್ ಮಸುಕು ಅಂತ ಬೈಯುತ್ತಾರೆ. ಹೊಡೆಯುವಾಗ ಯಾವ ಕನ್ನಡಕ ಹಾಕುತ್ತೀರೋ ಅದನ್ನೇ ಹಾಕಿಕೊಂಡು ಬರೀ ಗೋಡೆಯನ್ನೋ ಖಾಲಿ ಆಕಾಶವನ್ನೋ ನೋಡಿ. ಸೂರ್ಯನ ಕಡೆ ಬೇಡ. ಒಂದು ಕ್ಷಣ ಇಣುಕಿ, ಕಣ್ಣು ತೆಗೆಯಿರಿ, ಉಂಗುರ ಸ್ವಲ್ಪ ತಿರುಗಿಸಿ, ಮತ್ತೆ ಇಣುಕಿ. ನೋಡಿದ ಕ್ಷಣವೇ ಗೆರೆ ಕಡುಕಪ್ಪಾಗಿ ಕಂಡರೆ ಸರಿಯಾಯಿತು ಅಂತ. ದಿಟ್ಟಿಸಿ ನೋಡುತ್ತಾ ತಿರುಗಿಸಬೇಡಿ, ಕಣ್ಣಿನಲ್ಲಿ ಉಳಿದಿರುವ ಅಷ್ಟಿಷ್ಟು ಶಕ್ತಿ ತಾನೇ ಹೊಂದಿಸಿಕೊಂಡು ನಿಮಗೆ ಸುಳ್ಳು ಹೇಳುತ್ತದೆ, ಆಮೇಲೆ ಅರ್ಧ ಗಂಟೆಗೆ ತಲೆನೋವು.

ಪ್ಯಾರಲಾಕ್ಸ್ ಕೂಡ ನೋಡಿಕೊಳ್ಳಿ, ಅಂದರೆ ತಲೆ ಅಲುಗಿದಾಗ ಗೆರೆ ಗುರಿಯ ಮೇಲೆ ಸರಿದ ಹಾಗೆ ಕಾಣುವುದು. ದೊಡ್ಡ ರೈಫಲ್‌ಗಳ ಸ್ಕೋಪು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತದೆ, ಪಾಯಿಂಟ್ ಟೂ ಟೂಗೆ ಅಂತಲೇ ಮಾಡಿದ್ದು 50 ಗಜದ ಆಸುಪಾಸು. ನಿಮಗೆ ಎರಡನೆಯದು ಬೇಕು.

ಜಾಸ್ತಿ ಪಟ್ಟಿನದಕ್ಕೆ ಆಸೆಪಡಬೇಡಿ. 40 ಮಿಲಿಮೀಟರ್ ಗಾಜಿನ ಸ್ಕೋಪ್ 4 ಪಟ್ಟಿನಲ್ಲಿದ್ದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ 10 ಮಿಮೀ ಅಗಲ, ತಲೆ ಸ್ವಲ್ಪ ಅತ್ತಿತ್ತ ಆದರೂ ಚಿತ್ರ ಹೋಗುವುದಿಲ್ಲ. ಅದನ್ನೇ 16ಕ್ಕೆ ಏರಿಸಿದರೆ ಬಿಲ್ಲೆ 2.5 ಮಿಮೀ. ಕಣ್ಣನ್ನು ಸೂಜಿಗೆ ದಾರ ಪೋಣಿಸಿದ ಹಾಗೆ ಅಲ್ಲೇ ಇಡಬೇಕು. ಜೊತೆಗೆ ನಿಮ್ಮ ಎದೆಬಡಿತವೂ ಪರದೆಯ ಮೇಲೆ ಕುಣಿಯುತ್ತದೆ.

ಇನ್ನೊಂದು. ಒದೆಯುವ ರೈಫಲ್ ಆದರೆ ಸ್ಕೋಪಿನಿಂದ ಕಣ್ಣು ದೂರ ಇರಲಿ. ನನ್ನ ಹುಬ್ಬಿನ ಮೇಲೆ ಅರ್ಧಚಂದ್ರ ಇದೆ, ಮೊಮ್ಮಗಳು ದಿನಾ ಕೇಳುತ್ತಾಳೆ ಇದೇನು ಅಂತ.

ಲೆನ್ಸ್‌ಪೆಟ್ಟಿಗೆ:

ಕಣ್ಣು ಪರೀಕ್ಷೆ ಮಾಡುವುದೇ ನನ್ನ ಕೆಲಸ. ರಜೆ ಸಿಕ್ಕಾಗ ಏರ್ ರೈಫಲ್ ಹೊಡೆಯುವುದು ಚಟ. ಹಳೇಭುಜ ಸರ್, ದಯವಿಟ್ಟು ಸೈಟ್ ಕೊಳ್ಳುವ ಮೊದಲು ಕಣ್ಣು ತೋರಿಸಿಕೊಳ್ಳಿ. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಮೂರು ಸೈಟ್ ಕೊಂಡು ಆಮೇಲೆ ನಮ್ಮ ಹತ್ತಿರ ಬರುತ್ತಾರೆ.

ಆಗುತ್ತಿರುವುದು ಏನು ಅಂದರೆ, ಕಣ್ಣಿನೊಳಗಿನ ಲೆನ್ಸ್ ಚಿಕ್ಕಂದಿನಲ್ಲಿ ಮೆತ್ತಗಿರುತ್ತದೆ, ಉಬ್ಬಿ ಹತ್ತಿರಕ್ಕೆ, ಚಪ್ಪಟೆಯಾಗಿ ದೂರಕ್ಕೆ ಹೊಂದಿಕೊಳ್ಳುತ್ತದೆ. ವರ್ಷ ಕಳೆದಂತೆ ಅದು ಗಟ್ಟಿಯಾಗುತ್ತದೆ. ನಲವತ್ತರ ನಂತರ ಪುಸ್ತಕ ಕೈಯಿಂದ ದೂರ ಹೋಗುವುದು ಅದಕ್ಕೇ. ಅರವತ್ತರ ಹೊತ್ತಿಗೆ ಹೆಚ್ಚುಕಡಿಮೆ ಒಂದೇ ದೂರಕ್ಕೆ ನಿಂತುಬಿಡುತ್ತದೆ. ಪುಸ್ತಕ ಇರುವುದು 40 ಸೆಂಟಿಮೀಟರ್‌ನಲ್ಲಿ, ಹಾಗಾಗಿ ಮೊದಲು ಪುಸ್ತಕ ಹೋಯಿತು. ಫ್ರಂಟ್ ಸೈಟ್ ಇರುವುದು ಸುಮಾರು ಒಂದು ಮೀಟರ್ ದೂರದಲ್ಲಿ, ಅದು ಹೋಗಲು ಇನ್ನೊಂದು ಹತ್ತು ಹನ್ನೆರಡು ವರ್ಷ ಹಿಡಿಯಿತು. 44ಕ್ಕೆ ಚಾಳೀಸು, 56ಕ್ಕೆ ಪೋಸ್ಟ್. ನಿಮ್ಮ ಕಥೆ ಪಾಠದ ಪುಸ್ತಕದ ಹಾಗೇ ಇದೆ.

+2 ಕನ್ನಡಕ ಯಾಕೆ ಕೆಲಸ ಮಾಡಲಿಲ್ಲ? +2 ಅಂದರೆ ಅರ್ಧ ಮೀಟರಿಗೆ ಹೊಂದಿದ ಪವರ್. ನಿಮ್ಮ ಹಿಂದಿನ ಕಚ್ಚು ಅಲ್ಲೇ ಇದೆ, ಅದಕ್ಕೇ ಅದು ಅಷ್ಟು ಚೂಪಾಗಿ ಕಂಡಿತು. ನಿಮಗೆ ಬೇಕಾದದ್ದು ಅದರ ಕಾಲು ಭಾಗ. ಕಣ್ಣಿನಿಂದ ಪೋಸ್ಟಿಗೆ ಒಂದು ಮೀಟರ್ ಇದ್ದರೆ ಪೋಸ್ಟನ್ನು ಪೂರ್ತಿ ಚೂಪಾಗಿಸಲು +1 ಬೇಕು, ಆದರೆ ಅಷ್ಟು ಹಾಕಿದರೆ ಗುರಿ ಕರಗುತ್ತದೆ. ಅದರ ಅರ್ಧ, ಅಂದರೆ +0.50 ಹಾಕಿದರೆ ಕಣ್ಣು ಎರಡು ಮೀಟರಿಗೆ ನಿಲ್ಲುತ್ತದೆ. ಮಸುಕು ಪೋಸ್ಟಿಗೂ ಗುರಿಗೂ ಸಮನಾಗಿ ಹಂಚಿಹೋಗುತ್ತದೆ, ಎರಡೂ ಸಹಿಸುವಷ್ಟು ಇರುತ್ತವೆ. ರೈಫಲ್‌ಗೆ ಸಾಮಾನ್ಯವಾಗಿ ದೂರದ ನಂಬರಿನ ಮೇಲೆ +0.50 ಅಥವಾ +0.75, ಅಷ್ಟೇ. ಬರೀ +0.50 ಅಲ್ಲ, ನಿಮ್ಮ ದೂರದ ನಂಬರ್ ಏನಿದೆಯೋ ಅದರ ಮೇಲೆ. ಸಿಲಿಂಡರ್ (ಕಣ್ಣಿನ ಡೊಂಕು ಸರಿಮಾಡುವ ನಂಬರ್) ಇದ್ದರೆ ಅದನ್ನೂ ಬಿಡದೆ ಹಾಕಿಸಿ.

ಪ್ರೊಗ್ರೆಸಿವ್ ಬೇಡವೇ ಬೇಡ. ಒಂದೇ ಪವರಿನ ಲೆನ್ಸ್ ಇರಲಿ. ಮಲಗಿ ಹೊಡೆಯುವಾಗ ನೀವು ಲೆನ್ಸಿನ ನಡುವಿನಿಂದ ನೋಡುವುದಿಲ್ಲ, ಮೇಲೆ, ಮೂಗಿನ ಕಡೆಯ ಮೂಲೆಯಿಂದ ನೋಡುತ್ತೀರಿ. ಹಾಗಾಗಿ ರೈಫಲ್ ಹಿಡಿಯುವ ಭಂಗಿಯಲ್ಲಿ ಕೂತು, ನೋಟ ಹಾಯುವ ಜಾಗಕ್ಕೆ ಮಾರ್ಕರ್‌ನಲ್ಲಿ ಒಂದು ಚುಕ್ಕೆ ಹಾಕಿಸಿಕೊಂಡು, ಲೆನ್ಸಿನ ಕೇಂದ್ರ ಅಲ್ಲಿಗೆ ಬರುವ ಹಾಗೆ ಮಾಡಿಸಿ. ಒಂದೇ ದುಂಡು ಲೆನ್ಸನ್ನು ಬೇಕಾದ ಕಡೆ ಸರಿಸಿ ತಿರುಗಿಸುವ ಶೂಟಿಂಗ್ ಫ್ರೇಮ್‌ಗಳೂ ಇವೆ. ಲೆನ್ಸ್ ಒಡೆಯದ ಪಾಲಿಕಾರ್ಬನೇಟ್ ಆಗಿರಲಿ.

ನನಗೆ ಸ್ವಲ್ಪ ಯೋಚನೆಯಾದದ್ದು ನಿಮ್ಮ ಆ ಎರಡನೇ ಬೂದು ಪೋಸ್ಟ್. ಒಂದೇ ಕಣ್ಣಿನಲ್ಲಿ ಒಂದು ವಸ್ತು ಎರಡಾಗಿ ಕಂಡರೆ ಸಿಲಿಂಡರ್ ನಂಬರ್ ಸರಿಯಿಲ್ಲದೆ ಇರಬಹುದು, ಕಣ್ಣಿನ ಪೊರೆ ಶುರುವಾಗಿರಲೂಬಹುದು. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ದಪ್ಪ ಕಾಗದಕ್ಕೆ ಗುಂಡುಸೂಜಿಯಲ್ಲಿ ಒಂದು ತೂತು ಮಾಡಿ, ಕಣ್ಣಿಗೆ ಹತ್ತಿರ ಹಿಡಿದು ಅದರ ಮೂಲಕ ನೋಡಿ. ಮಸುಕು ತಿಳಿಯಾದರೆ ತೊಂದರೆ ಬಹುಮಟ್ಟಿಗೆ ನಂಬರಿನದು, ಲೆನ್ಸಿನಲ್ಲೋ ಸೈಟಿನಲ್ಲೋ ಸರಿಯಾಗುತ್ತದೆ. ತಿಳಿಯಾಗದಿದ್ದರೆ ಸೈಟ್ ವಿಚಾರ ಬದಿಗಿಟ್ಟು ಡಾಕ್ಟರ ಹತ್ತಿರ ಹೋಗಿ. ನೇರ ಪೋಸ್ಟ್ ಸೊಟ್ಟಗೆ ಕಂಡರಂತೂ ಒಂದು ದಿನವೂ ಕಾಯಬೇಡಿ, ಅದು ರೆಟಿನಾದ ಮಾತು.

ಸಣ್ಣಕಿಂಡಿ:

ಮೇಡಂ ಹೇಳಿದ ಗುಂಡುಸೂಜಿ ತೂತನ್ನೇ ರೈಫಲ್ ಮೇಲೆ ಕೂರಿಸಿದರೆ ಅದೇ ಪೀಪ್ ಸೈಟ್. ನಿಮಗೆ ಕಬ್ಬಿಣ ಬಿಡಲು ಮನಸ್ಸಿಲ್ಲ ಅಂದಿರಲ್ಲ, ಹಾಗಾದರೆ ಇದೇ ನಿಮ್ಮ ದಾರಿ.

ತೂತಿನಲ್ಲಿ ಮಾಯಮಂತ್ರ ಏನಿಲ್ಲ. ಮಸುಕು ಎಷ್ಟು ಅಗಲ ಹರಡುತ್ತದೆ ಅನ್ನುವುದು ಬೆಳಕು ಎಷ್ಟು ಅಗಲದ ಬಾಗಿಲಿನಿಂದ ಒಳಗೆ ಬಂತು ಅನ್ನುವುದರ ಮೇಲೆ ನಿಂತಿದೆ. ನಿಮ್ಮ ಕಣ್ಣಪಾಪೆ 4 ಮಿಮೀ ತೆರೆದಿದೆ ಅಂದುಕೊಳ್ಳಿ, ಅದರ ಮುಂದೆ 1.2 ಮಿಮೀ ತೂತು ಇಟ್ಟರೆ ಮಸುಕು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆಯಾಗುತ್ತದೆ. ಸಂಜೆ ಯಾಕೆ ಕಷ್ಟ ಅಂತ ಕೇಳಿದಿರಿ, ಉತ್ತರವೂ ಇದೇ. ಬೆಳಕು ಕಡಿಮೆಯಾದಾಗ ಪಾಪೆ ಅಗಲವಾಗುತ್ತದೆ, ಬಾಗಿಲು ದೊಡ್ಡದಾಗುತ್ತದೆ, ಮಸುಕೂ ದೊಡ್ಡದಾಗುತ್ತದೆ. ನಡುಮಧ್ಯಾಹ್ನ ಹೊಡೆದು ನೋಡಿ, ಹತ್ತು ವರ್ಷ ಚಿಕ್ಕವರಾದ ಹಾಗೆ ಅನ್ನಿಸುತ್ತದೆ.

ಇನ್ನೊಂದು ಲಾಭ, ಮೂರು ಕಡೆ ನೋಡುವ ಕೆಲಸ ಎರಡಕ್ಕೆ ಇಳಿಯುತ್ತದೆ. ತೂತನ್ನು ನೋಡಲೇಬಾರದು, ಅದರ ಮೂಲಕ ನೋಡಬೇಕು. ಕಣ್ಣು ಬೆಳಕು ಜಾಸ್ತಿ ಇರುವ ನಡುಭಾಗಕ್ಕೆ ತಾನಾಗಿ ಹೋಗಿ ನಿಲ್ಲುತ್ತದೆ. ಓಪನ್ ಸೈಟಿನಿಂದ ಬಂದವರು ಮೊದಲ ವಾರ ತೂತಿನ ಅಂಚನ್ನು ಸ್ಪಷ್ಟ ಮಾಡಲು ಹೋಗಿ ಸುಸ್ತಾಗುತ್ತಾರೆ. ಅದು ಮಂಜಿನ ಬಳೆಯ ಹಾಗೆ ಕಾಣಬೇಕು, ಹಾಗೇ ಬಿಡಿ.

ತೂತು ಕಣ್ಣಿಗೆ ಹತ್ತಿರ ಇರಬೇಕು. ಈಗ ಕಚ್ಚು ಇರುವ ಜಾಗದಲ್ಲಿ, ನಳಿಗೆಯ ಮೇಲೆ, ಪೀಪ್ ಹಾಕಿದರೆ ಪ್ರಯೋಜನವಿಲ್ಲ. ಹಿಂದೆ, ರಿಸೀವರ್ (ಗುಂಡು ತುಂಬುವ ಭಾಗ) ಮೇಲೆ ಬರಬೇಕು. ಇದರಿಂದ ಎರಡು ಸೈಟುಗಳ ನಡುವಿನ ದೂರವೂ ಉದ್ದವಾಗುತ್ತದೆ, ಸಣ್ಣ ತಪ್ಪು ಸಣ್ಣದಾಗಿಯೇ ಉಳಿಯುತ್ತದೆ. ಹಳೆಯ ಲೀ-ಎನ್‌ಫೀಲ್ಡ್ ಅನ್ನುವ ಬ್ರಿಟಿಷ್ ಸೈನ್ಯದ ರೈಫಲ್ ನೋಡಿದ್ದರೆ ಗೊತ್ತಿರುತ್ತದೆ, ನಂಬರ್ 1 ಮಾರ್ಕ್ 3ರಲ್ಲಿ ಕಚ್ಚು ನಳಿಗೆಯ ಮೇಲಿತ್ತು, ನಂಬರ್ 4 ಬಂದಾಗ ಅದನ್ನು ಹಿಂದಕ್ಕೆ ತಂದು ತೂತು ಮಾಡಿದರು. ಸೈನ್ಯದ ಎಳೆಗಣ್ಣಿಗೇ ಅದು ಬೇಕಾಯಿತು ಅಂದಮೇಲೆ ನಮ್ಮದೇನು.

ಮುಂದೆ ಪೋಸ್ಟ್ ಬದಲು ಉಂಗುರ ಹಾಕಿಸಿ. ದುಂಡನೆಯ ಕಪ್ಪು, ಅದರ ಸುತ್ತ ಬಿಳಿ ಬಳೆ, ಅದರ ಸುತ್ತ ಉಂಗುರ. ಉಂಗುರ ಸ್ವಲ್ಪ ಮಸುಕಾಗಿದ್ದರೂ ಬಿಳಿ ಎಲ್ಲ ಕಡೆ ಸಮ ಇದೆಯಾ ಅಂತ ಕಣ್ಣು ಥಟ್ಟನೆ ಹೇಳುತ್ತದೆ. ಪೋಸ್ಟಿನಲ್ಲಿ ತಲೆಯ ಗೆರೆ ಮಸುಕಾದರೆ ಗುಂಡು ಮೇಲೆ ಕೆಳಗೆ ಚೆಲ್ಲುತ್ತದೆ, ನಿಮ್ಮ ಹಾಳೆ ಅದನ್ನೇ ಹೇಳುತ್ತಿದೆ. ನಿಮ್ಮ ಗೆಳೆಯರು ಉಸಿರಿನ ಮೇಲೆ ಹಾಕಿದ್ದು ತಪ್ಪಲ್ಲ, ಉಸಿರಿನಿಂದಲೂ ಹಾಗೆ ಆಗುತ್ತದೆ. ಆದರೆ ಮೂವತ್ತು ವರ್ಷ ಹಿಡಿದ ಉಸಿರು ದಿಢೀರಂತ ಕೆಡುವುದಿಲ್ಲ ಅಲ್ವಾ? ಉಂಗುರ ಕಪ್ಪಿಗೆ ತೀರಾ ಬಿಗಿಯಾಗಿ ಇರಬಾರದು. ಧಾರಾಳವಾಗಿ ಬಿಳಿ ಕಾಣಲಿ. ಬಿಗಿ ಉಂಗುರ ಎಳೆಯರ ಆಟ.

ಅಂದಹಾಗೆ ವಯಸ್ಸಾಯಿತು ಅಂತ ಕೊರಗುವವರಿಗೆ: ಸ್ವೀಡನ್ನಿನ ಆಸ್ಕರ್ ಸ್ವಾನ್ 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ತಂಡದ ಜೊತೆ ಬೆಳ್ಳಿ ಗೆದ್ದಾಗ ಅವರಿಗೆ 72. ಓಡುವ ಜಿಂಕೆಯ ಗುರಿಗೆ ಹೊಡೆದದ್ದು, ನಮ್ಮ ಹಾಗೆ ನಿಂತ ಕಾಗದಕ್ಕಲ್ಲ.

ನಾಲ್ಕರಸ್ಕೋಪ್:

ಸಣ್ಣಕಿಂಡಿಯವರೇ, ಹಾಗಾದರೆ 0.5 ಮಿಮೀ ತೂತು ಹಾಕಿದರೆ ಇನ್ನೂ ಸ್ಪಷ್ಟ ಆಗಬೇಕಲ್ಲ? ಎಲ್ಲರೂ ಅದನ್ನೇ ಯಾಕೆ ಹಾಕುವುದಿಲ್ಲ?

ಸಣ್ಣಕಿಂಡಿ:

ಆಗುವುದಿಲ್ಲ. ನಾನೂ ಆಸೆಪಟ್ಟು ನೋಡಿದವನೇ. ಒಂದು ಹಂತ ದಾಟಿದರೆ ತೂತೇ ಹೊಸ ಮಸುಕು ಹುಟ್ಟಿಸುತ್ತದೆ, ಕಿರಿದಾದ ಸಂದಿಯಲ್ಲಿ ಬೆಳಕು ಬಾಗಿ ಹರಡುತ್ತದೆ. ಕತ್ತಲೆಯೂ ಜಾಸ್ತಿ, ಕಪ್ಪು ಗುರಿ ಬೂದಿಯಾಗುತ್ತದೆ. ಇನ್ನೊಂದು ಕಾಟ ಯಾರೂ ಹೇಳುವುದಿಲ್ಲ. ವಯಸ್ಸಾದ ಕಣ್ಣೊಳಗೆ ಜೇಡರಬಲೆಯ ಚೂರಿನ ಹಾಗೆ ತೇಲುವ ನೆರಳುಗಳು ಇರುತ್ತವಲ್ಲ, ತೂತು ಸಣ್ಣದಾದಷ್ಟೂ ಅವು ಎದ್ದು ಕಾಣುತ್ತವೆ. ಸರಿಯಾಗಿ ಟ್ರಿಗರ್ ಒತ್ತುವ ಹೊತ್ತಿಗೆ ಒಂದು ಹುಳ ಗುರಿಯ ಮೇಲೆ ಈಜುತ್ತಾ ಬಂತು ಅಂದರೆ ಕಥೆ ಮುಗಿಯಿತು. ಅದಕ್ಕೇ ತೂತಿನ ಅಗಲ ತಿರುಗಿಸಿ ಬದಲಿಸುವ ಐರಿಸ್ ಇರುವ ಪೀಪ್ ತಗೊಳ್ಳಿ. ಬಿಸಿಲಿಗೆ 1.1 ಅಥವಾ 1.2, ಮೋಡಕ್ಕೆ 1.4, ಸಂಜೆಗೆ ಇನ್ನೂ ಸ್ವಲ್ಪ. ನನ್ನ ಕಣ್ಣಿನ ಲೆಕ್ಕ ಇದು, ನಿಮ್ಮದು ಬೇರೆ ಇರಬಹುದು.

ಬಾಲದಚುಕ್ಕೆ:

ರೆಡ್ ಡಾಟ್ ಬಗ್ಗೆ ಯಾರೂ ಬರೆದಿಲ್ಲ, ನಾನು ಸುಟ್ಟುಕೊಂಡವನು, ಹೇಳುತ್ತೇನೆ.

ಕಾಗದದ ಮೇಲೆ ನೋಡಿದರೆ ನಮ್ಮಂಥವರಿಗೆ ಅದೇ ಸರಿ. ಚುಕ್ಕೆ ದೂರದಲ್ಲಿ ತೇಲುತ್ತಿರುವ ಹಾಗೆ ಕಾಣುತ್ತದೆ, ನೀವು ಗುರಿಯನ್ನು ನೋಡಿದರೆ ಸಾಕು, ಹತ್ತಿರಕ್ಕೆ ಕಣ್ಣು ಎಳೆಯುವ ಕೆಲಸವೇ ಇಲ್ಲ. ಎರಡೂ ಕಣ್ಣು ತೆರೆದೇ ಹೊಡೆಯಬಹುದು. ತಲೆ ಸ್ವಲ್ಪ ಅತ್ತಿತ್ತ ಆದರೂ ನಡೆಯುತ್ತದೆ. ಹಾಗಂತ ಉಬ್ಬಿಕೊಂಡು ಕೊಂಡೆ. ಆನ್ ಮಾಡಿದರೆ ದುಂಡು ಚುಕ್ಕೆಯ ಬದಲು ಬಾಲ ಇರುವ ಒಂದು ಕೆಂಪು ಹುಳ. ಮಾಲು ಕೆಟ್ಟಿದೆ ಅಂತ ಜಗಳ ಮಾಡಿ ಬದಲಿಸಿಕೊಂಡೆ. ಎರಡನೆಯದರಲ್ಲೂ ಅದೇ ಹುಳ, ಅದೇ ಕಡೆ ಬಾಲ. ಕುಣಿಯಲಾರದವಳಿಗೆ ನೆಲ ಡೊಂಕು ಅಂತಾರಲ್ಲ, ನನ್ನದು ಹಾಗಾಯಿತು. ಡೊಂಕು ಇದ್ದದ್ದು ನನ್ನ ಕಣ್ಣಿನಲ್ಲಿ. ಸಿಲಿಂಡರ್ ನಂಬರ್ ಇದ್ದರೂ ಕನ್ನಡಕ ಹಾಕದೆ ನೋಡುತ್ತಿದ್ದೆ.

ಪರೀಕ್ಷೆ ಸುಲಭ. ರೈಫಲ್‌ಗೆ ಕೂರಿಸುವ ಮೊದಲು ಸೈಟನ್ನು ಕೈಯಲ್ಲಿ ಹಿಡಿದು ಗಡಿಯಾರದ ಮುಳ್ಳಿನ ಹಾಗೆ ನಿಧಾನವಾಗಿ ತಿರುಗಿಸಿ. ಬಾಲವೂ ಜೊತೆಗೆ ತಿರುಗಿದರೆ ದೋಷ ಸೈಟಿನದು. ಸೈಟ್ ತಿರುಗಿದರೂ ಬಾಲ ಇದ್ದ ಕಡೆಯೇ ಇದ್ದರೆ ಕಣ್ಣಿನದು. ಕನ್ನಡಕ ಹಾಕಿ ಮತ್ತೆ ನೋಡಿ, ಬೆಳಕು ತಗ್ಗಿಸಿ ನೋಡಿ. ಎಷ್ಟೋ ಜನ ಹಗಲಿಗೂ ರಾತ್ರಿಗೂ ಒಂದೇ ಬೆಳಕು ಇಟ್ಟುಕೊಂಡು ಚುಕ್ಕೆ ಹೂವಾಯಿತು ಅಂತಾರೆ.

ಕನ್ನಡಕದಲ್ಲೂ ಸರಿಯಾಗದಿದ್ದರೆ ಪ್ರಿಸಂ ಸೈಟ್ ನೋಡಿ. ಅದರಲ್ಲಿ ಗುರುತನ್ನು ಗಾಜಿನಲ್ಲೇ ಕೆತ್ತಿರುತ್ತಾರೆ, ಐಪೀಸನ್ನು ಸ್ಕೋಪಿನ ಹಾಗೇ ಕಣ್ಣಿಗೆ ಹೊಂದಿಸಬಹುದು, ಬ್ಯಾಟರಿ ಹೋದರೂ ಗುರುತು ಹೋಗುವುದಿಲ್ಲ. ಕಣ್ಣು ಮಾತ್ರ ಸರಿಯಾದ ದೂರದಲ್ಲೇ ಇರಬೇಕು.

ಇಷ್ಟೆಲ್ಲ ಹೇಳಿ ಹಳೇಭುಜ ಅವರಿಗೆ ಮಾತ್ರ ನಾನು ರೆಡ್ ಡಾಟ್ ಬೇಡ ಅಂತೀನಿ. ಲೆಕ್ಕ ನೋಡಿ. 2 ಎಂಒಎ (ಒಂದು ಎಂಒಎ ಅಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು) ಚುಕ್ಕೆ 50 ಮೀಟರಿನಲ್ಲಿ ಸುಮಾರು 2.9 ಸೆಂಟಿಮೀಟರ್ ಜಾಗ ಮುಚ್ಚುತ್ತದೆ. 50 ಮೀಟರ್ ರೈಫಲ್ ಹಾಳೆಯ ಹತ್ತು ಅಂಕದ ನಡುವೃತ್ತ ಇರುವುದೇ 10.4 ಮಿಲಿಮೀಟರ್. ನಿಂತು ತಗಡಿಗೆ ಚಕಚಕ ಹೊಡೆಯುವ ಆಟಕ್ಕೆ ಅದು ಬೆಣ್ಣೆ. ಮಲಗಿ ಒಂದೊಂದೇ ಗುಂಡು ಎಣಿಸುವವರಿಗೆ ಅಲ್ಲ.

ಹಳೇಭುಜ:

ಇಷ್ಟು ಜನ ಇಷ್ಟು ತಾಳ್ಮೆಯಿಂದ ಬರೆದಿದ್ದೀರಿ, ತುಂಬಾ ಥ್ಯಾಂಕ್ಸ್.

ಗುಂಡುಸೂಜಿ ಪರೀಕ್ಷೆ ಮಾಡಿದೆ. ಖಾಲಿ ರೈಫಲ್ ಇಟ್ಟುಕೊಂಡು, ಹಳೇ ಲಗ್ನಪತ್ರಿಕೆಗೆ ತೂತು ಮಾಡಿ ಕಣ್ಣಿಗೆ ಹಿಡಿದೆ. ಪೋಸ್ಟ್ ಎದ್ದು ನಿಂತುಬಿಟ್ಟಿತು! ಅದರ ಬಲಮೂಲೆಯಲ್ಲಿ ಬಣ್ಣ ಹೋದ ಒಂದು ಚೂರು ಇದೆ, ಅದನ್ನು ನಾನು ಮೂರ್ನಾಲ್ಕು ವರ್ಷದಿಂದ ನೋಡಿರಲೇ ಇಲ್ಲ, ಅದೂ ಕಂಡಿತು. ಬೂದು ಅವಳಿಯೂ ಹೆಚ್ಚುಕಡಿಮೆ ಹೋಯಿತು. ಸ್ವಲ್ಪ ಕತ್ತಲೆ ಅನ್ನಿಸಿತು ಅಷ್ಟೇ.

ಕಣ್ಣಿನಿಂದ ಪೋಸ್ಟಿಗೆ ಟೇಪ್ ಹಿಡಿದೆ, 84 ಸೆಂಟಿಮೀಟರ್. ಬಲಗಣ್ಣಿನ ದೂರದ ನಂಬರ್ +1.00, ಸಿಲಿಂಡರ್ -0.75. ಮೇಡಂ, ಈಗ ಎಷ್ಟು ಬರೆಸಲಿ? ಮತ್ತೆ ಎಡಗಣ್ಣು ಮುಚ್ಚಿಕೊಂಡೇ ಹೊಡೆಯುತ್ತೇನೆ, ಐದನೇ ಗುಂಡಿಗೇ ಮುಖ ನೋಯುತ್ತದೆ. ಅದಕ್ಕೇನಾದರೂ ಇದೆಯಾ? ಮುಂದಿನ ಪೋಸ್ಟಿಗೆ ಹೊಳೆಯುವ ಹಸಿರು ಫೈಬರ್ ಹಾಕಿದರೆ ಸಾಕಾಗಬಹುದು ಅಂತ ಇನ್ನೊಬ್ಬರು ಹೇಳಿದರು, ಅದೂ ತಲೆಯಲ್ಲಿದೆ.

ಲೆನ್ಸ್‌ಪೆಟ್ಟಿಗೆ:

100ನ್ನು 84ರಿಂದ ಭಾಗಿಸಿದರೆ 1.19. ಅರ್ಧ 0.6. ನಡುವೆ ಬಿತ್ತು, ಹಾಗಾಗಿ +0.50, +0.75 ಎರಡನ್ನೂ ನೋಡಿ. ನಿಮ್ಮ ನಂಬರಿನ ಮೇಲೆ ಅಂದರೆ +1.50 ಮತ್ತು +1.75, ಸಿಲಿಂಡರ್ ಹಾಗೇ. ಪರೀಕ್ಷೆಯ ಟ್ರಯಲ್ ಲೆನ್ಸ್ ಎರವಲು ಸಿಕ್ಕರೆ ರೇಂಜಿಗೇ ಒಯ್ದು ಹಗಲು ಬೆಳಕಿನಲ್ಲಿ ನೋಡುವುದು ಒಳ್ಳೆಯದು. ಕೋಣೆಯೊಳಗಿನ ಬೆಳಕಿನಲ್ಲಿ ಆರಿಸಿದ ಲೆನ್ಸ್ ಹೊರಗೆ ಎಷ್ಟೋ ಸಲ ಜಾಸ್ತಿಯಾಗುತ್ತದೆ. ಎರಡರಲ್ಲಿ ತೀರ್ಮಾನ ಆಗದಿದ್ದರೆ ಕಡಿಮೆ ಪವರಿನದನ್ನು ಇಟ್ಟುಕೊಳ್ಳಿ. ಪೀಪ್ ಹಾಕುವುದಾದರೆ ಉಳಿದದ್ದನ್ನು ತೂತು ನೋಡಿಕೊಳ್ಳುತ್ತದೆ.

ಎಡಗಣ್ಣು ಮುಚ್ಚಬೇಡಿ. ಒಂದನ್ನು ಬಿಗಿಯಾಗಿ ಮುಚ್ಚಿದರೆ ಇನ್ನೊಂದರ ರೆಪ್ಪೆಯೂ ಬಿಗಿಯುತ್ತದೆ, ತೆರೆದ ಕಣ್ಣಿನ ಪಾಪೆ ಅಗಲವಾಗುತ್ತದೆ. ಎಡ ಲೆನ್ಸಿನ ಮುಂದೆ ಅರೆಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ತುಂಡು ಅಂಟಿಸಿ. ಕಪ್ಪು ಬೇಡ, ಕಪ್ಪು ಹಾಕಿದರೆ ಮತ್ತೆ ಪಾಪೆ ಅಗಲ. ಬೆಳಕು ಬರಲಿ, ಚಿತ್ರ ಬಾರದಿರಲಿ. ಸ್ಪರ್ಧೆಗೆ ಹೋಗುವುದಾದರೆ ಅದರ ಅಗಲ ಎಷ್ಟಿರಬಹುದು, ಲೆನ್ಸ್ ಎಲ್ಲಿರಬಹುದು ಅಂತ ನಿಮ್ಮ ವಿಭಾಗದ ನಿಯಮ ಓದಿಕೊಳ್ಳಿ.

ದಿಟ್ಟಿಸಿ ನೋಡುತ್ತಲೇ ಇರಬೇಡಿ. ಹತ್ತು ಸೆಕೆಂಡು ದಾಟಿದರೆ ಕಣ್ಣು ಈಗಿನದ್ದನ್ನು ಬಿಟ್ಟು ಸ್ವಲ್ಪ ಹೊತ್ತಿನ ಹಿಂದಿನ ಚಿತ್ರವನ್ನೇ ತೋರಿಸಲು ಶುರುಮಾಡುತ್ತದೆ. ರೈಫಲ್ ಇಳಿಸಿ, ದೂರದ ಹಸಿರು ಏನಾದರೂ ನೋಡಿ, ಮತ್ತೆ ಎತ್ತಿ.

ಸಣ್ಣಕಿಂಡಿ:

ಫೈಬರ್ ಬಗ್ಗೆ: ಹೊಳೆಯುವುದಕ್ಕೂ ಚೂಪಾಗಿ ಕಾಣುವುದಕ್ಕೂ ವ್ಯತ್ಯಾಸ ಇದೆ. ಮಸುಕಾದ ಕಪ್ಪು ಪೋಸ್ಟ್ ಇದ್ದದ್ದು ಮಸುಕಾದ ಹಸಿರು ದೀಪ ಆಗುತ್ತದೆ, ಮೊದಲಿಗಿಂತ ದೊಡ್ಡದಾಗಿ ಗುರಿಯನ್ನೇ ನುಂಗುತ್ತದೆ. ಮಬ್ಬಿನಲ್ಲಿ ಬೇಗ ಹುಡುಕಿಕೊಳ್ಳಲು ಚೆನ್ನ. ಕಾಗದಕ್ಕೆ ಬೇಡ. ಕಪ್ಪು ಸೈಟ್ ಹೊಳೆಯುತ್ತಿದ್ದರೆ ಮೇಣದಬತ್ತಿಯ ಹೊಗೆ ಹಿಡಿದು ಮಸಿ ಮಾಡಿ, ಅದೇ ಸಾಕು.

ಪೀಪ್ ಕೂರಿಸಿದ ಮೇಲೆ ಮೊದಲ ಗುಂಡುಗಳನ್ನು ಹತ್ತಿರದ, ದೊಡ್ಡ ಹಾಳೆಗೆ ಹೊಡೆಯಿರಿ. ರಿಸೀವರ್ ಪೀಪ್ ಸಾಮಾನ್ಯವಾಗಿ ಹಳೆಯ ಕಚ್ಚಿಗಿಂತ ಎತ್ತರ ಕೂರುತ್ತದೆ, ಗುಂಡು ಮೇಲೆ ಹೋಗುತ್ತದೆ. ಪೂರ್ತಿ ಇಳಿಸಿದರೂ ಸಾಲದಿದ್ದರೆ ಫ್ರಂಟ್ ಸೈಟ್ ಎತ್ತರದ್ದು ಬೇಕು.

ಹಳೇಭುಜ:

ಏಳು ವಾರ ಆಯಿತು, ಬಾಕಿ ಉಳಿಸಿಕೊಂಡ ಉತ್ತರ ಈಗ ಬರೆಯುತ್ತಿದ್ದೇನೆ.

ಮೊದಲು ಡಾಕ್ಟರ ಹತ್ತಿರ ಹೋದೆ. ಬಲಗಣ್ಣಿನಲ್ಲಿ ಪೊರೆ ಶುರುವಾಗಿದೆಯಂತೆ, ಈಗಲೇ ಏನೂ ಮಾಡಬೇಕಾಗಿಲ್ಲ. ಸಿಲಿಂಡರ್ ಮಾತ್ರ ಬದಲಾಗಿತ್ತು, -0.75 ಇದ್ದದ್ದು -1.25. ಆ ಬೂದು ಅವಳಿ ಎಲ್ಲಿಂದ ಬಂದ ಅಂತ ಗೊತ್ತಾಯಿತು. ಮುಂದೆ ಆಪರೇಷನ್ ಆಗುವ ದಿನ ಬಂದರೆ ಯಾವ ಲೆನ್ಸ್ ಅಂತ ತೀರ್ಮಾನಿಸುವ ಮೊದಲೇ ರೈಫಲ್ ವಿಷಯ ಹೇಳಿ ಅಂದರು. ಎಲ್ಲ ದೂರಕ್ಕೂ ಕಾಣುವ ಲೆನ್ಸ್ ಹಾಕಿಸಿಕೊಂಡರೆ ಚಿತ್ರದ ಗಾಢತೆ ಸ್ವಲ್ಪ ಕಡಿಮೆಯಾಗಬಹುದಂತೆ.

+1.50 ಒಂದೇ ಪವರಿನ ಲೆನ್ಸ್ ಮಾಡಿಸಿದೆ. ಭಂಗಿಯಲ್ಲಿ ಕೂತು ಚುಕ್ಕೆ ಹಾಕಿಸಿಕೊಳ್ಳುವುದು ನಾಚಿಕೆಯ ಕೆಲಸ, ರೈಫಲ್ ಇಲ್ಲದೆ ಕೋಲು ಹಿಡಿದು ಅಂಗಡಿಯ ಟೇಬಲ್ ಮೇಲೆ ಕೆನ್ನೆ ಒರಗಿಸಿದೆ. ಪಕ್ಕದಲ್ಲಿ ಫ್ರೇಮ್ ಆರಿಸುತ್ತಿದ್ದ ಹುಡುಗಿ ಎರಡು ಹೆಜ್ಜೆ ಆಚೆ ಹೋದಳು.

ಐರಿಸ್ ಇರುವ ಪೀಪ್ ಹಿಂದೆ, ಉಂಗುರ ಮುಂದೆ. ಸಣ್ಣಕಿಂಡಿ ಅವರ ಮಾತು ಕೇಳದೆ ನೇರವಾಗಿ 50 ಮೀಟರಿಗೇ ಹೋದೆ, ಮೊದಲ ಏಳು ಗುಂಡು ಎಲ್ಲಿ ಹೋದವು ಗೊತ್ತಿಲ್ಲ, ಹಾಳೆಯಲ್ಲಂತೂ ಇರಲಿಲ್ಲ. ಆಮೇಲೆ ಬುದ್ಧಿ ಬಂದು 15 ಮೀಟರಿಗೆ ಹಾಳೆ ತಂದೆ. ಒಂದಡಿಗೂ ಜಾಸ್ತಿ ಎತ್ತರ ಹೊಡೆಯುತ್ತಿದ್ದೆ. ಫ್ರಂಟ್ ಸೈಟ್ ಬುಡಕ್ಕೆ ಎತ್ತರದ ಬ್ಲಾಕ್ ಹಾಕಿಸಬೇಕಾಯಿತು, ಅದಕ್ಕೇ ಎರಡು ವಾರ ಹೋಯಿತು.

ಮೊದಲ ದಿನ ತೂತಿನ ಅಂಚನ್ನೇ ನೋಡುತ್ತಾ ಕೂತಿದ್ದೆ. ಎರಡನೇ ದಿನ ಅದು ಮರೆತುಹೋಯಿತು. ಈಗ ಬೆಳಿಗ್ಗೆ 1.2, ನಾಲ್ಕು ಗಂಟೆಯ ಮೇಲೆ 1.5. ನಿನ್ನೆಯ ಹತ್ತು ಗುಂಡಿನ ಹಾಳೆ ಎದುರಿಗಿದೆ: ಅಡ್ಡ ಮೊದಲಿನಷ್ಟೇ, ಉದ್ದವೂ ಈಗ ಅಷ್ಟೇ. ಒಂದು ಎಂಟು ಅಂಕದ್ದು ಇದೆ, ಅದು ನನ್ನದೇ ಟ್ರಿಗರ್ ತಪ್ಪು. ಕೆನ್ನೆ ಸ್ಟಾಕ್ ಬಿಟ್ಟು ಏಳುವುದಿಲ್ಲ.

ಉಸಿರು ಸರಿಮಾಡಿಕೊಂಡೆಯಲ್ಲ, ಭೇಷ್ ಅಂದ ಗೆಳೆಯ. ಹ್ಞೂಂ ಅಂದೆ.

ಒಂದೇ ಕಿರಿಕಿರಿ. ಹೊಡೆಯುವುದಕ್ಕೆ ಒಂದು ಕನ್ನಡಕ, ಸ್ಕೋರ್ ಬರೆಯುವುದಕ್ಕೆ ಒಂದು, ವಾಪಸ್ ಹೋಗುವಾಗ ಗಾಡಿ ಓಡಿಸುವುದಕ್ಕೆ ಇನ್ನೊಂದು. ನಿನ್ನೆ ಮೂರರಲ್ಲಿ ಒಂದನ್ನು ರೇಂಜಿನಲ್ಲೇ ಮರೆತು ಬಂದಿದ್ದೇನೆ, ಯಾವುದು ಅಂತ ಚೀಲ ತಡಕಿ ನೋಡಬೇಕು.